ಯಾರು ಹೇಳಿದ್ದು ಮೇಡಂ?

ಆ ಮೆಸೇಜು ಬಂದಾಗ ನಾನು ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿದ್ದೆ. ಮುಂದೆ ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಸಂಪುಟ ತೆರೆದಿತ್ತು. ಹಳೆ ಮೈಸೂರು ಭಾಗದ ದಾನಶಾಸನಗಳಲ್ಲಿ ಬರುವ ಸಾಕ್ಷಿಗಳು ನನ್ನ ಪಿಎಚ್.ಡಿ. ವಿಷಯ. ಯಾವ ಊರಿನ ಗೌಡ, ಯಾವ ಸೆಟ್ಟಿ, ಯಾವ ಸೇನಬೋವ ಯಾವ ದಾನಕ್ಕೆ ಸಾಕ್ಷಿ ನಿಂತ ಎಂದು ಒಂದೊಂದೇ ಹೆಸರನ್ನು ಕಾರ್ಡಿಗೆ ಇಳಿಸಿಕೊಳ್ಳುವ ಕೆಲಸ. ಮೇಜಿನ ಮೇಲೆ ಫೋನು ಗುರ್ ಎಂದಿತು. ಕಳಿಸಿದವರ ಹೆಸರು ನೋಡಿ ಖುಷಿಯೇ ಆಯಿತು. ಹಿಂದಿನ ತಿಂಗಳು ನಾವು ನಿಲ್ಲಿಸಿದ್ದ ಇಂಟರ್‌ನೆಟ್ ಕಂಪನಿಯದು. ರೂಟರಿಗೆಂದು ಕಟ್ಟಿದ್ದ ಸಾವಿರ ರೂಪಾಯಿ ಠೇವಣಿ ವಾಪಸ್ ಬರಬೇಕಿತ್ತು. ತೆರೆದು ನೋಡಿದರೆ ಅದು ಕೊಡುವ ಮಾತಲ್ಲ, ಕೇಳುವ ಮಾತು. ನಿಮ್ಮ ಖಾತೆಯಲ್ಲಿ 2,894 ರೂಪಾಯಿ ಬಾಕಿ ಇದೆ, ಏಳು ದಿನದೊಳಗೆ ಕಟ್ಟಿ.

ಬಿಲ್ಲಿನಲ್ಲಿ ಲೆಕ್ಕ ಹೀಗಿತ್ತು. ಹನ್ನೆರಡು ತಿಂಗಳ ಕನಿಷ್ಠ ಅವಧಿ ಮುಗಿಯುವ ಮುನ್ನ ಸಂಪರ್ಕ ರದ್ದು ಮಾಡಿದ್ದಕ್ಕೆ 1,800. ಮೊದಲು ಮಾಫಿ ಮಾಡಿದ್ದ ಅಳವಡಿಕೆ ಶುಲ್ಕ, ಈಗ ಮಾಫಿ ಇಲ್ಲವಾದ್ದರಿಂದ, 1,500. ಎರಡೂ ಸೇರಿ 3,300. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 594. ಒಟ್ಟು 3,894. ಅದರಲ್ಲಿ ನನ್ನದೇ ಠೇವಣಿಯ ಸಾವಿರ ಕಳೆದು ಉಳಿದದ್ದು 2,894.

ಎರಡು ಸಾವಿರದ ಎಂಟುನೂರು ಚಿಲ್ಲರೆ ಒಬ್ಬರ ಪಾಲಿಗೆ ದೊಡ್ಡದಲ್ಲದಿರಬಹುದು. ನನ್ನ ಫೆಲೋಶಿಪ್ ಹಣ ತಿಂಗಳು ತಿಂಗಳು ಬರುವಂಥದ್ದಲ್ಲ, ಬಂದಾಗ ಬರುವಂಥದ್ದು. ಆ ಜೂನ್‌ನಲ್ಲಿ ನನ್ನ ಖಾತೆಯಲ್ಲಿ ನಾಲ್ಕು ಸಾವಿರ ಚಿಲ್ಲರೆ ಇತ್ತು. ಅದರಲ್ಲಿ ಬಾಡಿಗೆ ಮುಂದಿನ ವಾರ ಕಟ್ಟುವುದಿತ್ತು. ಅಂದು ಮಧ್ಯಾಹ್ನ ಮತ್ತೆ ಕಾರ್ಡು ಬರೆಯಲು ಕೈ ಹೋಗಲಿಲ್ಲ.

ನಾವು ಮೂವರು ಶ್ರೀರಾಂಪುರ ಎರಡನೇ ಹಂತದಲ್ಲಿ ಒಂದು ಮನೆಯ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಮೂವರೂ ಸಂಶೋಧನಾ ವಿದ್ಯಾರ್ಥಿನಿಯರು. ಕುವೆಂಪುನಗರದಲ್ಲಿ ಬಾಡಿಗೆ ಕೇಳಿ ಸುಸ್ತಾದವರು ಇನ್ನಷ್ಟು ಮುಂದೆ ಬಂದು ನಿಲ್ಲುವ ಜಾಗ ಶ್ರೀರಾಂಪುರ. ಒಂದು ಕಡೆ ಮಾನಂದವಾಡಿ ರಸ್ತೆ, ಇನ್ನೊಂದು ಕಡೆ ರಿಂಗ್ ರಸ್ತೆ. ಖಾಲಿ ಸೈಟುಗಳ ನಡುವೆ ಹೊಸ ಮನೆಗಳು, ಹೊಸ ಮನೆಗಳ ನಡುವೆ ಹಳೆಯ ತೆಂಗಿನ ಮರಗಳು. ಇಂಟರ್‌ನೆಟ್ಟಿನ ಕಪ್ಪು ಕೇಬಲ್ಲು ವಿದ್ಯುತ್ ಕಂಬದಿಂದ ತೆಂಗಿನ ಮರಕ್ಕೆ, ತೆಂಗಿನ ಮರದಿಂದ ನಮ್ಮ ಬಾಲ್ಕನಿಗೆ ಜೋಲುತ್ತಾ ಬಂದಿತ್ತು. ತಿಂಗಳಿಗೆ 699, ತೆರಿಗೆ ಸೇರಿದರೆ 825. ಮೂವರಿಗೆ ಹಂಚಿದರೆ ತಲೆಗೆ 275.

ಎಂಟು ತಿಂಗಳಾದ ಮೇಲೆ ಒಬ್ಬಳಿಗೆ ಹಾಸನದಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಸಿಕ್ಕಿತು. ಇನ್ನೊಬ್ಬಳು ಪ್ರಬಂಧ ಒಪ್ಪಿಸಿ ಊರಿಗೆ ಹೋದಳು. ನಾನೊಬ್ಬಳೇ ಆ ಮನೆಯ ಬಾಡಿಗೆ ಕಟ್ಟುವ ಹಾಗಿರಲಿಲ್ಲ. ನಾಲ್ಕು ಬೀದಿ ಆಚೆ, ಮನೆ ಓನರ್ ಕೆಳಗಿದ್ದು ಮೇಲಿನ ಒಂದು ಕೋಣೆ ಬಾಡಿಗೆಗೆ ಕೊಡುವ ಮನೆಗೆ ಹೋದೆ. ಸಂಪರ್ಕವನ್ನು ಅಲ್ಲಿಗೆ ವರ್ಗಾಯಿಸಿಕೊಡಿ ಎಂದು ಕಂಪನಿಗೆ ಆ್ಯಪಿನಲ್ಲೇ ಕೋರಿಕೆ ಹಾಕಿದ್ದೆ. ಎರಡು ದಿನದ ಮೇಲೆ ಉತ್ತರ ಬಂತು. ಆ ವಿಳಾಸದಲ್ಲಿ ನಮ್ಮ ಸೇವೆ ಲಭ್ಯವಿಲ್ಲ. ಸರಿ, ಹಾಗಾದರೆ ನಿಲ್ಲಿಸಿಬಿಡಿ ಎಂದೆ. ರೂಟರನ್ನು ಅವರ ಅಂಗಡಿಗೆ ಒಪ್ಪಿಸಿ ರಸೀದಿ ಪಡೆದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಅಂದು ಸಂಜೆ ಗ್ರಾಹಕ ಸೇವೆಗೆ ಫೋನು ಮಾಡಿದೆ. ಕನ್ನಡಕ್ಕೆ ಮೂರು ಒತ್ತಿ ಹದಿನೆಂಟು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಮಾತು ಮೆತ್ತಗಿತ್ತು.

"ಅದು ಕರಾರಿನಲ್ಲೇ ಇದೆ ಮೇಡಂ. ಹನ್ನೆರಡು ತಿಂಗಳ ಲಾಕ್-ಇನ್."

"ಯಾವ ಕರಾರು?"

"ನೀವು ಒಪ್ಪಿಗೆ ಕೊಟ್ಟಿದ್ದೀರಲ್ಲ ಮೇಡಂ. ಓಟಿಪಿ ಮೂಲಕ."

ಆಗ ನೆನಪಾಯಿತು. ಅಕ್ಟೋಬರಿನಲ್ಲಿ ಕನೆಕ್ಷನ್ ಕೊಡಲು ಬಂದ ಹುಡುಗ ಏಣಿ ಇಳಿದು, ಕೈ ಒರೆಸಿಕೊಂಡು, ಒಂದು ನಂಬರ್ ಬಂದಿರುತ್ತೆ ಹೇಳಿ ಮೇಡಂ ಅಂದಿದ್ದ. ಆರು ಅಂಕಿ ಓದಿ ಹೇಳಿದ್ದೆ. ಅದೇ ನನ್ನ ರುಜು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ನಿರೂಪಗಳ ಕೊನೆಗೆ ಶ್ರೀಕೃಷ್ಣ ಎಂದು ಕೈಯಾರೆ ಬರೆಯುತ್ತಿದ್ದರು. ನಾನು ಏನಕ್ಕೆ ರುಜು ಹಾಕುತ್ತಿದ್ದೇನೆ ಎಂದೂ ತಿಳಿಯದೆ, ಒಲೆಯ ಮೇಲೆ ಹಾಲಿಟ್ಟು ಬಂದ ಅವಸರದಲ್ಲಿ, ಆರು ಅಂಕಿ ಓದಿದ್ದೆ. ಓದದೆ ರುಜು ಹಾಕಿದ್ದು ನನ್ನದೇ ತಪ್ಪು. ವರ್ಷಗಟ್ಟಲೆ ಬೇರೆಯವರ ಕರಾರುಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದುವವಳು ನನ್ನ ಕರಾರನ್ನು ಓದಿರಲಿಲ್ಲ.

ಆದರೆ ಅವತ್ತು ನಾನೊಂದು ಪ್ರಶ್ನೆ ಕೇಳಿದ್ದು ಖಂಡಿತ ನೆನಪಿತ್ತು. ಮೂವರಲ್ಲಿ ಯಾರು ಯಾವಾಗ ಹೋಗುತ್ತಾರೋ ಗೊತ್ತಿಲ್ಲ, ಮಧ್ಯದಲ್ಲಿ ಬೇಡ ಅಂದರೆ ಏನು ಎಂದು. ಅದಕ್ಕವನು, "ಯಾವಾಗ ಬೇಕಾದ್ರೂ ನಿಲ್ಲಿಸ್ಬೋದು ಮೇಡಂ, ಏನೂ ತೊಂದ್ರೆ ಇಲ್ಲ, ರೂಟರ್ ವಾಪಸ್ ಕೊಟ್ರೆ ಸಾಕು" ಅಂದಿದ್ದ. ಅದನ್ನೇ ಫೋನಿನಲ್ಲಿ ಹೇಳಿದೆ. ಹುಡುಗಿ ಒಂದು ಕ್ಷಣ ಸುಮ್ಮನಾದಳು. ದೂರು ದಾಖಲಿಸಿಕೊಳ್ಳುತ್ತೇನೆ ಎಂದು ಡಾಕೆಟ್ ಸಂಖ್ಯೆ ಕೊಟ್ಟಳು.

ಮಾರನೆಯ ದಿನ ಕಂಪನಿಯಿಂದಲೇ ಫೋನು. ಈ ಸಲ ಗಂಡಸಿನ ದನಿ, ಮೇಲಿನ ಅಧಿಕಾರಿ ಅನ್ನಿಸುವಂಥದ್ದು. ಎಲ್ಲ ಸಾವಧಾನವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಲಾಕ್-ಇನ್ ಇಲ್ಲ ಅಂತ ಯಾರು ಹೇಳಿದ್ದು ಮೇಡಂ?"

"ಕನೆಕ್ಷನ್ ಕೊಡೋಕೆ ಬಂದವರು."

"ಹೆಸರು? ನಂಬರ್ ಇದ್ದರೆ ಇನ್ನೂ ಒಳ್ಳೇದು. ನೀವು ಹೆಸರು ಕೊಟ್ಟರೆ ಅದನ್ನ ತಪ್ಪು ಮಾಹಿತಿ ಕೊಟ್ಟು ಮಾರಾಟ ಮಾಡಿದ ಪ್ರಕರಣ ಅಂತ ತಗೋತೀವಿ. ವಿಚಾರಣೆ ಮಾಡ್ತೀವಿ. ನಿಮ್ಮ ಪೂರ್ತಿ ಮೊತ್ತ ಮನ್ನಾ ಆಗುತ್ತೆ. ಹೆಸರಿಲ್ಲದೆ ನಾವು ಏನೂ ಮಾಡೋಕಾಗಲ್ಲ."

ನಂಬರ್ ನನ್ನ ಫೋನಿನಲ್ಲೇ ಇತ್ತು. "ನೆಟ್ ಹುಡುಗ" ಅಂತ ಸೇವ್ ಮಾಡಿದ್ದೆ. ಎಂಟು ತಿಂಗಳಲ್ಲಿ ನಾಲ್ಕೈದು ಸಲ, ಗಾಳಿ ಮಳೆಗೆ ಕೇಬಲ್ಲು ಕಿತ್ತಾಗ, ಕೋತಿ ಎಳೆದಾಗ, ಅವನನ್ನೇ ಕರೆದದ್ದು. ಒಮ್ಮೆ ರಾತ್ರಿ ಒಂಬತ್ತು ಗಂಟೆಗೆ, ಗೆಳತಿಯ ಆನ್‌ಲೈನ್ ಸಂದರ್ಶನವೊಂದು ಮಾರನೆಯ ಬೆಳಗ್ಗೆ ಇದ್ದದ್ದಕ್ಕೆ, ಮಳೆಯಲ್ಲೇ ಬಂದು ಜೋಡಿಸಿ ಹೋಗಿದ್ದ. ಹಾಸನದ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಸಂದರ್ಶನದಿಂದ. ಯೋಚಿಸಿ ಹೇಳುತ್ತೇನೆ ಸರ್ ಎಂದು ಫೋನಿಟ್ಟೆ.

ಯೋಚಿಸುವುದು ಏನಿದೆ ಎಂದು ಗೆಳತಿ ಹಾಸನದಿಂದ ಬೈದಳು. ಅವನು ಸುಳ್ಳು ಹೇಳಿದ್ದು ನಿಜ, ನೀನು ನಿಜ ಹೇಳುವುದರಲ್ಲಿ ತಪ್ಪೇನು? ನನಗೂ ಸಿಟ್ಟಿತ್ತು. ಆದರೂ ಹೆಸರು ಕೊಡುವ ಮೊದಲು ಅವನನ್ನು ಒಂದು ಮಾತು ಕೇಳಬೇಕು ಅನ್ನಿಸಿತು. ಫೋನು ಮಾಡಿದೆ. ಲಿಂಗಾಂಬುಧಿ ಕೆರೆ ಹತ್ತಿರ ಒಂದು ಕೆಲಸ ಇದೆ, ಐದೂವರೆಗೆ ಅಲ್ಲೇ ಸಿಗ್ತೀನಿ ಅಂದ.

ಲಿಂಗಾಂಬುಧಿ ಕೆರೆಯನ್ನು 1828ರಲ್ಲಿ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರೇ. ಹೆಸರು ಅವರ ರಾಣಿ ಲಿಂಗಾಜಮ್ಮಣ್ಣಿಯವರದು. ಸಂಜೆ ವಾಕಿಂಗಿನವರು, ಹಕ್ಕಿ ನೋಡುವವರು ತುಂಬಿರುತ್ತಾರೆ. ಅವನು ಗೇಟಿನ ಹೊರಗೆ ಬೈಕಿನ ಪಕ್ಕ ನಿಂತಿದ್ದ. ಬೈಕಿನ ಹಿಂದೆ ಸುರುಳಿ ಕೇಬಲ್ಲು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಎಚ್.ಡಿ. ಕೋಟೆ ಕಡೆಯವನು. ಬಿಲ್ಲು ತೋರಿಸಿದೆ. ಓದಿ ತಲೆ ತಗ್ಗಿಸಿದ.

"ಹೇಳಿದ್ದು ನಾನೇ ಅಕ್ಕ. ಇಲ್ಲ ಅನ್ನಲ್ಲ." ಅಲ್ಲಿಯವರೆಗೆ ಮೇಡಂ ಅನ್ನುತ್ತಿದ್ದವನು ಅವತ್ತು ಅಕ್ಕ ಅಂದ.

"ಗೊತ್ತಿದ್ದೂ ಯಾಕೆ ಹಂಗೆ ಹೇಳಿದೆ?"

"ಒಂದು ವರ್ಷ ಇರಬೇಕು ಅಂದ್ರೆ ಬಾಡಿಗೆ ಮನೆಯವ್ರು ಯಾರೂ ತಗೊಳಲ್ಲ ಅಕ್ಕ. ಈ ಕಡೆ ಎಲ್ಲಾ ಬಾಡಿಗೆಯವ್ರೇಯ. ಕೇಳಿದ್ರೆ ಏನೂ ಇಲ್ಲ ಅನ್ನು ಅಂತ ನಮ್ಗೆ ಹೇಳ್ಕೊಟ್ಟವ್ರೆ."

ಅವನು ಕಂಪನಿಯ ನೌಕರನೇ ಅಲ್ಲ. ಬೆನ್ನ ಮೇಲೆ ಕಂಪನಿಯ ಹೆಸರಿನ ಟೀ ಶರ್ಟು ಇದೆ, ಅಷ್ಟೆ. ಕಂಪನಿ ಈ ಭಾಗವನ್ನು ಒಬ್ಬ ಫ್ರಾಂಚೈಸಿಗೆ ಕೊಟ್ಟಿದೆ. ಫ್ರಾಂಚೈಸಿ ಇವನಿಗೆ ಸಂಬಳ ಕೊಡುವುದಿಲ್ಲ, ಒಂದು ಹೊಸ ಕನೆಕ್ಷನ್ನಿಗೆ 250 ರೂಪಾಯಿ. ಪೆಟ್ರೋಲು ಅವನದೇ, ಏಣಿಯೂ ಅವನದೇ. ಗ್ರಾಹಕರು ಹೆಸರು ಹೇಳಿ ದೂರು ಕೊಟ್ಟರೆ ಆ ಮೊತ್ತವನ್ನು ಕಂಪನಿ ಫ್ರಾಂಚೈಸಿಯಿಂದ ಮುರಿದುಕೊಳ್ಳುತ್ತದೆ, ಫ್ರಾಂಚೈಸಿ ಇವನ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾನೆ. ಎರಡನೇ ಸಲ ಆದರೆ ಐಡಿ ತೆಗೆದುಬಿಡುತ್ತಾರೆ. ಇವನಿಗೆ ಅದಾಗಲೇ ಒಂದು ಸಲ ಆಗಿತ್ತು.

"ನೀವು ಹೆಸ್ರು ಕೊಟ್ಬುಡಿ ಅಕ್ಕ. ತಪ್ಪು ನಂದೇಯ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇಲ್ದಿದ್ರೆ ಒಂದ್ ಐನೂರು ಈಗ ಕೊಡ್ತೀನಿ, ಮುಂದಿನ ತಿಂಗ್ಳು ಇನ್ನೊಂದ್ ಐನೂರು" ಅಂದ. ಜೇಬಿಗೆ ಕೈ ಹಾಕಿಯೂ ಬಿಟ್ಟ.

ಬೇಡ ಅಂದೆ. ಅವನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅವನ ಒಂದು ಸುಳ್ಳಿನಿಂದ ನನ್ನ ಬಾಡಿಗೆಗೆ ಕುತ್ತು ಬಂದಿತ್ತು. ಆದರೆ ಕೆರೆಯಿಂದ ಕೋಣೆಗೆ ನಡೆದು ಬರುವಾಗ ಇನ್ನೊಂದು ಸಂಗತಿ ಹೊಳೆಯಿತು. ಹೆಸರು ಕೊಟ್ಟರೆ ನನಗೆ ಮನ್ನಾ ಆಗುವ ಹಣ ಕಂಪನಿಯ ಕೈಯಿಂದ ಹೋಗುವುದೇ ಇಲ್ಲ. ನನ್ನಿಂದ ಬರಬೇಕಿದ್ದದ್ದು ಅವನಿಂದ ಬರುತ್ತದೆ. ಆ ನಿಯಮ ಮಾಡಿದವರು, ಅದನ್ನು ಗ್ರಾಹಕರಿಗೆ ಹೇಳಬೇಡ ಎಂದು ಕಲಿಸಿದವರು ಇಬ್ಬರೂ ಹಾಗೇ ಉಳಿದು, ಲೆಕ್ಕ ತೀರಿಸಿಕೊಳ್ಳಬೇಕಾದವರು ಫೆಲೋಶಿಪ್ ಕಾಯುವ ನಾನು ಮತ್ತು ಕನೆಕ್ಷನ್ನಿಗೆ 250 ಎಣಿಸುವ ಅವನು. ಯಾರು ಹೇಳಿದ್ದು ಎಂಬ ಪ್ರಶ್ನೆಗೆ ಅವನ ಹೆಸರು ನಿಜವಾದ ಉತ್ತರವಾಗಿರಲಿಲ್ಲ.

ನಾನು ಓದುವ ಶಾಸನಗಳಲ್ಲಿ ಕೊಟ್ಟವನ ಹೆಸರಿರುತ್ತದೆ, ಪಡೆದವನ ಹೆಸರಿರುತ್ತದೆ, ನಾಲ್ಕು ದಿಕ್ಕಿನ ಎಲ್ಲೆ ಇರುತ್ತದೆ. ಎಷ್ಟೋ ಶಾಸನಗಳಲ್ಲಿ ಸಾಕ್ಷಿಗಳ ಹೆಸರು, ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಇರುತ್ತದೆ. ಕಡೆಯಲ್ಲಿ ಶಾಪಾಶಯ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ, ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ಕಲ್ಲುಗಳನ್ನು ಓದಬಲ್ಲವರು ಊರಿಗೆ ಎಷ್ಟು ಜನ ಇದ್ದರೋ. ಆದರೆ ಕಲ್ಲನ್ನು ದೇವಸ್ಥಾನದ ಮುಂದೆಯೋ ಹೊಲದ ಬದಿಯಲ್ಲೋ ನಿಲ್ಲಿಸುತ್ತಿದ್ದರು. ನನ್ನ ಕರಾರನ್ನು ಹುಡುಕಲು ಆ್ಯಪಿನ ಐದು ಪುಟ ದಾಟಬೇಕಾಯಿತು. ಸಿಕ್ಕಿದ್ದು ಇಂಗ್ಲಿಷಿನ ಹನ್ನೊಂದು ಪುಟ. ಹನ್ನೆರಡು ತಿಂಗಳ ಮಾತು ಎಂಟನೇ ಪುಟದಲ್ಲಿತ್ತು. ಮೇಲ್ಗಡೆ, ಪರಿಷ್ಕರಿಸಿದ ದಿನಾಂಕ ಎಂದು ಫೆಬ್ರವರಿಯದೊಂದು ತಾರೀಖು. ನಾನು ಓಟಿಪಿ ಓದಿ ಹೇಳಿದ್ದು ಅಕ್ಟೋಬರಿನಲ್ಲಿ.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಒಂದು ಅಭ್ಯಾಸವಿದೆ. ಪಾಠ ಕೈಗೆ ಬಂದರೆ ಮೊದಲು ಕಾಲ ಯಾವುದು ನೋಡಬೇಕು. ಶಾಸನದಲ್ಲಿ ಹೇಳಿದ ಕಾಲ ಒಂದು, ಲಿಪಿ ಇನ್ನೊಂದು ಶತಮಾನದ್ದಾದರೆ ಅದನ್ನು ಕೂಟಶಾಸನ ಎಂದು ಅನುಮಾನಿಸುತ್ತೇವೆ. ಕಂಪನಿಯದು ಕೂಟ ಅಂತ ನಾನು ಹೇಳಲಾರೆ. ಹಳೆಯ ಪ್ರತಿಯಲ್ಲೂ ಆ ಮಾತು ಇದ್ದಿರಬಹುದು. ಆದರೆ ನಾನು ಒಪ್ಪಿದ ಪ್ರತಿ ಯಾವುದು ಎಂದು ತೋರಿಸಬೇಕಾದವರು ಅವರು.

ಆಮೇಲೆ ಒಂದು ವಾರ ಪ್ರಬಂಧ ಬಿಟ್ಟು ಇದನ್ನೇ ಓದಿದೆ. ಮೊದಲು ಗೊತ್ತಾದದ್ದು, ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ ಎಂಬುದು. ಆದರೆ 2012ರಲ್ಲಿ ಅದು ಮಾಡಿದ ನಿಯಮಾವಳಿಯಂತೆ ಕಂಪನಿಯೊಳಗೇ ಎರಡು ಹಂತ ಇರಬೇಕು. ಮೊದಲು ದೂರು ಕೇಂದ್ರ, ಅಲ್ಲಿ ಡಾಕೆಟ್ ಸಂಖ್ಯೆ ಕೊಡಲೇಬೇಕು. ಅಲ್ಲಿ ಸರಿಹೋಗದಿದ್ದರೆ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು. ಗ್ರಾಹಕ ಸೇವೆಗೆ ಫೋನು ಮಾಡಿದಾಗ ಈ ಎರಡನೇ ಹಂತದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. ಈ ಬಾಗಿಲ ಕಥೆ ಸ್ವಾರಸ್ಯದ್ದು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಆದರೆ 2009ರಲ್ಲಿ ಸುಪ್ರೀಂ ಕೋರ್ಟು, ಟೆಲಿಫೋನ್ ಬಿಲ್ಲಿನ ತಕರಾರು 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನಂತೆ ಮಧ್ಯಸ್ಥಿಕೆಗೆ ಹೋಗಬೇಕು, ಗ್ರಾಹಕ ವೇದಿಕೆಗೆ ಬರುವ ಹಾಗಿಲ್ಲ ಎಂದುಬಿಟ್ಟಿತು. ತಂತಿ ಕಳಿಸುವ ಕಾಲದ ಕಾಯ್ದೆ ಮೊಬೈಲು ಹಿಡಿದವರ ದಾರಿಗೆ ಅಡ್ಡ ನಿಂತಿತು. ಅಹಮದಾಬಾದಿನ ಅಜಯ್ ಕುಮಾರ್ ಅಗರ್‌ವಾಲ್ ಎಂಬವರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಮೊಬೈಲ್ ಬಿಲ್ಲು, 2013ರ ನವೆಂಬರ್-ಡಿಸೆಂಬರಿನ ಒಂದು ತಿಂಗಳಿಗೆ 24,609 ರೂಪಾಯಿ ಬಂತು. ಅವರು 2014ರಲ್ಲಿ ಜಿಲ್ಲಾ ಗ್ರಾಹಕ ವೇದಿಕೆಗೆ ಹೋದರು. ಈ ದೂರನ್ನು ಕೇಳುವ ಅಧಿಕಾರವೇ ವೇದಿಕೆಗಿಲ್ಲ ಎಂದು ಕಂಪನಿ ಸುಪ್ರೀಂ ಕೋರ್ಟಿನವರೆಗೆ ಜಗ್ಗಿತು. 2022ರ ಫೆಬ್ರವರಿ 16ರಂದು ಕೋರ್ಟು ಅಗರ್‌ವಾಲರ ಪರ ಹೇಳಿತು. ದೂರಸಂಪರ್ಕ ಸೇವೆಯ ಗ್ರಾಹಕರೂ ಗ್ರಾಹಕ ಆಯೋಗಕ್ಕೆ ಹೋಗಬಹುದು. ಗಮನಿಸಬೇಕಾದ್ದು, ಇದು ಬಿಲ್ಲು ಸರಿಯೋ ತಪ್ಪೋ ಎಂಬ ತೀರ್ಪಲ್ಲ. ಕೇಳುವ ಹಕ್ಕಿದೆಯೋ ಇಲ್ಲವೋ ಎಂಬುದಕ್ಕೇ ಎಂಟು ವರ್ಷ ಹಿಡಿದಿತ್ತು.

ಈಗಿರುವುದು 2019ರ ಕಾಯ್ದೆ. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಆಗಿರುವ ನಷ್ಟಕ್ಕೆ ತೀರಾ ಮೀರಿದ ದಂಡ ಹಾಕುವುದನ್ನು ಈ ಕಾಯ್ದೆ ಅನ್ಯಾಯದ ಕರಾರು ಎಂದು ಹೆಸರಿಸಿಯೇ ಹೇಳಿದೆ. ಆದರೆ ಕರಾರೇ ಅನ್ಯಾಯದ್ದು ಎಂದು ವಾದಿಸಬೇಕಾದರೆ ಜಿಲ್ಲೆಯಲ್ಲಿ ಆಗದು, ರಾಜ್ಯ ಆಯೋಗಕ್ಕೆ ಹೋಗಬೇಕು. 2,894 ರೂಪಾಯಿಗೆ ಬೆಂಗಳೂರಿಗೆ ಎಷ್ಟು ಸಲ ಹೋಗಿ ಬರಲಿ? ಸೇವೆಯಲ್ಲಿ ಲೋಪ ಎಂದಾದರೆ ಮೈಸೂರಿನಲ್ಲೇ ಸಾಕು. ನನ್ನ ಪತ್ರವನ್ನು ಯಾವ ದಾರಿಯಲ್ಲಿ ಬರೆಯಬೇಕು ಎಂದು ಅಲ್ಲಿಗೆ ಗೊತ್ತಾಯಿತು.

ಅಷ್ಟರಲ್ಲಿ ಮೊದಲ ದೂರನ್ನು "ಪರಿಹರಿಸಲಾಗಿದೆ" ಎಂದು ಮುಚ್ಚಿದ್ದರು. ಪರಿಹಾರ ಏನೆಂದರೆ ಶುಲ್ಕ ಸರಿಯಾಗಿದೆ ಎಂಬುದು. ಅದಾದ ಎರಡು ದಿನಕ್ಕೆ ವಸೂಲಿಯವರ ಫೋನು ಶುರುವಾಯಿತು. ಮೊದಲ ಸಲ ಸಿಬಿಲ್ ಸ್ಕೋರ್ ಹಾಳಾಗುತ್ತೆ ಎಂದರು. ಎರಡನೇ ಸಲ ಬೇರೆ ದನಿ. "ಅಡ್ರೆಸ್ ಇದೆ ನಮ್ಮತ್ರ, ಹುಡುಗ್ರು ಮನೆ ಹತ್ರ ಬರ್ತಾರೆ." ಆ ಮಾತಿಗೆ ಹೆದರಿದೆ, ಅದನ್ನು ಮುಚ್ಚಿಡುವುದಿಲ್ಲ. ಕೋಣೆಗೆ ಬಂದು ತಿಂಗಳೂ ಆಗಿರಲಿಲ್ಲ. ಒಂಟಿ ಹುಡುಗಿ, ಸಂಜೆ ಏಳರೊಳಗೆ ಬಂದುಬಿಡಮ್ಮ ಎಂದು ಹೇಳಿಯೇ ಮನೆ ಕೊಟ್ಟಿದ್ದ ಆಂಟಿ ಕೆಳಗಿದ್ದರು. ಸಾಲ ವಸೂಲಿಗೆಂದು ಗಂಡಸರು ಬಂದು ಗೇಟು ಬಡಿದರೆ ಅದು ಇಂಟರ್‌ನೆಟ್ಟಿನ ಬಿಲ್ಲು ಎಂದು ಯಾರಿಗೆ ವಿವರಿಸಲಿ?

ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ, ಫೋನಿನಲ್ಲಿ ದನಿಯಿಂದಲೇ ಕಂಡುಹಿಡಿದಳು. ಗುಂಡ್ಲುಪೇಟೆ ಹತ್ತಿರದ ನಮ್ಮ ಊರಿನಲ್ಲಿ ಅವಳ ಹತ್ತಿರ ಇರುವುದು ಬಟನ್ ಫೋನು.

"ಓಗ್ಲಿ ಬುಡು ಕಣವ್ವ, ಕಟ್ಬುಡು. ಸಂಘದಲ್ಲಿ ತಕ್ಕೊಂಡು ನಾನ್ ಕಳಿಸ್ತೀನಿ. ದೊಡ್ಡೋರ್ ತಂಟೆ ನಮ್ಗ್ಯಾಕೆ?"

ಸಂಘದ ಸಾಲಕ್ಕೆ ಅವಳು ವಾರವಾರ ಕಂತು ಕಟ್ಟಬೇಕು. ಅದೇ ದಿನ ಕಂಪನಿಯಿಂದ ಹೊಸ ಮೆಸೇಜು ಬಂದಿತ್ತು. 48 ಗಂಟೆಯೊಳಗೆ ಕಟ್ಟಿದರೆ ಅರ್ಧ ಮಾಫಿ, 1,447 ಕಟ್ಟಿದರೆ ಸಾಕು. ಅವತ್ತು ರಾತ್ರಿ ಎರಡು ಸಲ ಪಾವತಿ ಪುಟದವರೆಗೆ ಹೋದೆ. ಪಿನ್ ಒತ್ತುವುದೊಂದು ಬಾಕಿ. ತಡೆದದ್ದು ಧೈರ್ಯವಲ್ಲ. ಪೂರ್ತಿ ಸರಿಯಾದ ಶುಲ್ಕ ಇದ್ದಕ್ಕಿದ್ದಂತೆ ಅರ್ಧ ಹೇಗಾಯಿತು ಎಂಬ ಪ್ರಶ್ನೆ. ತೂಕ ಸರಿಯಿದ್ದರೆ ದೇವರಾಜ ಮಾರುಕಟ್ಟೆಯ ವ್ಯಾಪಾರಿಯೂ ಅರ್ಧಕ್ಕೆ ಇಳಿಯುವುದಿಲ್ಲ.

ಬೆಳಗ್ಗೆ ಎದ್ದು ಮೇಲ್ಮನವಿ ಬರೆದೆ. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಂದು, ಎರಡನ್ನೂ ಲಗತ್ತಿಸಿದೆ. ಒಂದೂವರೆ ಪುಟ. ಮೂರೇ ಅಂಶ.

ಒಂದು, ಸೇವೆ ಬಿಟ್ಟವಳು ನಾನಲ್ಲ. ಅದೇ ಶ್ರೀರಾಂಪುರದ ನಾಲ್ಕು ಬೀದಿ ಆಚೆಗೆ ವರ್ಗಾಯಿಸಿ ಎಂದು ಕೇಳಿದೆ, ಆಗದು ಎಂದವರು ನೀವು. ಆ ಉತ್ತರದ ಚಿತ್ರ, ತಾರೀಖಿನ ಸಮೇತ ಲಗತ್ತಿಸಿದೆ. ನೀವು ಕೊಡಲಾಗದ ಸೇವೆಯನ್ನು ನಾನು ಬಿಟ್ಟೆ ಎಂದು ದಂಡ ಹಾಕುವುದು ಹೇಗೆ?

ಎರಡು, ನೀವು ತೋರಿಸುವ ಷರತ್ತಿನ ಪ್ರತಿ ಫೆಬ್ರವರಿಯದು. ನನ್ನ ಓಟಿಪಿ ಅಕ್ಟೋಬರಿನದು. ಅಕ್ಟೋಬರಿನಂದು ನನಗೆ ಕಳಿಸಿದ ಮೆಸೇಜಿನಲ್ಲಿ ಹನ್ನೆರಡು ತಿಂಗಳ ಮಾತು ಇಲ್ಲ. ಅಂದು ನಾನು ಯಾವ ಪಾಠಕ್ಕೆ ಒಪ್ಪಿದೆ, ಆ ಪ್ರತಿ ಕೊಡಿ.

ಮೂರು, ರೂಟರು ಒಪ್ಪಿಸಿದ ರಸೀದಿ ಇದೆ. ಠೇವಣಿ ಸಾವಿರ ರೂಪಾಯಿ ನನ್ನದು.

ಯಾರು ಹೇಳಿದ್ದು ಎಂಬುದನ್ನು ಬರೆಯಲಿಲ್ಲ. ಅದನ್ನು ಬರೆಯದೆಯೂ ವಾದ ನಿಲ್ಲುತ್ತದೆಯೋ ಎಂದು ಎರಡು ಸಲ ಓದಿ ನೋಡಿದೆ. ನಿಂತಿತು. ನಿಜ ಹೇಳಬೇಕೆಂದರೆ, ನಿಲ್ಲದೇ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ವರ್ಗಾವಣೆ ಆಗದು ಎಂಬ ಆ ಒಂದು ಮೆಸೇಜನ್ನು ಅಳಿಸಿಬಿಟ್ಟಿದ್ದರೆ, ಸಾಕ್ಷಿ ಎಂದು ನನ್ನ ಬಳಿ ಉಳಿಯುತ್ತಿದ್ದದ್ದು ಅವನ ಹೆಸರೊಂದೇ.

ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನು ಮಾಡಿ ದೂರು ಬರೆಸಿದೆ. ಅದು ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ, ಅಷ್ಟೆ. ಮೈಸೂರಿನಲ್ಲಿ ಮೈಸೂರು ಗ್ರಾಹಕರ ಪರಿಷತ್ತು ದಶಕಗಳಿಂದ ಇದೆ, ಇಲ್ಲಿ ಆಗದಿದ್ದರೆ ಅಲ್ಲಿಗೆ ಹೋಗಿ ಕೇಳೋಣ ಎಂದುಕೊಂಡೆ. ವಸೂಲಿಯವರಿಗೆ ಮುಂದಿನ ಫೋನಿನಲ್ಲಿ ಮೇಲ್ಮನವಿಯ ಸಂಖ್ಯೆ ಓದಿ ಹೇಳಿದೆ. "ಬರೆದುಕೊಳ್ಳಿ" ಎಂದು ಎರಡನೇ ಸಲವೂ ಓದಿದೆ. ಫೋನಿಟ್ಟ ಮೇಲೂ ಕೈ ನಡುಗುತ್ತಿತ್ತು. ಆಂಟಿಗೂ ಎಲ್ಲ ಹೇಳಿಬಿಟ್ಟೆ. ಅವರು ಬಿಲ್ಲನ್ನು ಕನ್ನಡಕ ಹಾಕಿಕೊಂಡು ಓದಿ, "ಬರ್ಲಿ ಬಿಡಮ್ಮ, ಬಂದ್ರೆ ನಾನು ಮಾತಾಡ್ತೀನಿ" ಅಂದರು. ಯಾರೂ ಬರಲಿಲ್ಲ.

ಇಪ್ಪತ್ತಾರನೇ ದಿನ ಇಮೇಲು ಬಂತು. "ದೀರ್ಘಕಾಲದ ಗ್ರಾಹಕ ಸಂಬಂಧವನ್ನು ಪರಿಗಣಿಸಿ, ವಿಶೇಷ ಪ್ರಕರಣವಾಗಿ, ಒಂದು ಬಾರಿಗೆ ಮಾತ್ರ" ಶುಲ್ಕವನ್ನು ಮನ್ನಾ ಮಾಡಲಾಗಿದೆ. ನಾನು ಕೇಳಿದ ಅಕ್ಟೋಬರಿನ ಪ್ರತಿ ಕಳಿಸಿರಲಿಲ್ಲ. ತಪ್ಪಾಯಿತು ಎಂಬ ಮಾತೂ ಇರಲಿಲ್ಲ. ಎಂಟು ತಿಂಗಳ ದೀರ್ಘಕಾಲದ ಸಂಬಂಧಕ್ಕೆ ಮೆಚ್ಚಿ ದಾನ ಕೊಟ್ಟವರ ಧಾಟಿ. ಹದಿನೈದು ದಿನದ ಮೇಲೆ ಸಾವಿರ ರೂಪಾಯಿ ಖಾತೆಗೆ ಬಿತ್ತು. ಹಾಸನದವಳಿಗೆ, ಊರಿಗೆ ಹೋದವಳಿಗೆ ತಲಾ 333 ಕಳಿಸಿದೆ. ಒಂದು ರೂಪಾಯಿ ಜಾಸ್ತಿ ನನಗೆ ಉಳಿಯಿತು ಎಂದು ನಕ್ಕೆವು.

ನನಗೆ ಸಿಕ್ಕಿದ್ದು ನನ್ನ ಹಣ ಮಾತ್ರ. ಎಂಟನೇ ಪುಟದ ಆ ಷರತ್ತು ಇವತ್ತೂ ಅಲ್ಲೇ ಇದೆ, ನಿನ್ನೆಯೂ ತೆರೆದು ನೋಡಿದೆ. 1,447 ಕಟ್ಟಿ ಪೀಡೆ ಕಳೆದುಕೊಂಡವರು ನಮ್ಮ ಬಡಾವಣೆಯಲ್ಲೇ ಎಷ್ಟು ಜನರೋ. ಹುಡುಗನಿಗೆ ಫೋನು ಮಾಡಿ, ಮುಗಿಯಿತು, ನಿನ್ನ ಹೆಸರು ಎಲ್ಲೂ ಇಲ್ಲ ಎಂದೆ. "ಒಳ್ಳೇದಾಯ್ತು ಅಕ್ಕ" ಅಂದ. ಮತ್ತೇನೋ ಹೇಳಲು ಹೋಗಿ, ಹಿಂದಿನಿಂದ ಯಾರೋ ಕರೆದರು, ಫೋನಿಟ್ಟ.

ಡಿಸೆಂಬರಿನಲ್ಲಿ ಒಂದು ಭಾನುವಾರ ಬಟ್ಟೆ ಒಣಹಾಕಲು ಹೊರಗೆ ಬಂದರೆ ನಮ್ಮ ಬೀದಿಯ ಕಂಬದ ಮೇಲೆ ಏಣಿ ಒರಗಿತ್ತು. ಸೇವೆ ಲಭ್ಯವಿಲ್ಲದ ಬೀದಿಗೆ ಈಗ ಕೇಬಲ್ಲು ಬರುತ್ತಿತ್ತು. ಏಣಿಯ ಮೇಲೆ ಅವನೇ. ಇಳಿದು ಬಂದು ಕೆಳಗಿನ ಗೇಟಿನಲ್ಲಿ ಆಂಟಿಯ ಹತ್ತಿರ ಮಾತಾಡುತ್ತಿದ್ದ. ರಜೆಗೆ ಬರುವ ಮೊಮ್ಮಗನಿಗೆ ವೈಫೈ ಬೇಕೆಂದು ಆಂಟಿ ಬಹಳ ದಿನದಿಂದ ಹೇಳುತ್ತಿದ್ದರು. ತಿಂಗಳಿಗೆ ಎಷ್ಟು, ಸ್ಪೀಡು ಎಷ್ಟು ಎಲ್ಲ ಆಯಿತು.

"ಮಧ್ಯದಲ್ಲಿ ಬೇಡ ಅಂದ್ರೆ ನಿಲ್ಲಿಸ್ಬೋದೇನಪ್ಪಾ?"

ಅವನು ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದ.

"ಒಂದು ವರ್ಷ ಇರ್ಲೇಬೇಕು ಆಂಟಿ. ಮಧ್ಯ ಬಿಟ್ರೆ ಮೂರ್ ಸಾವಿರದ ಮೇಲೆ ಕಟ್ಟಿಸ್ಕೋತಾರೆ. ಮೊದ್ಲೇ ಹೇಳ್ಬುಟ್ಟಿದ್ದೀನಿ."

ಆಂಟಿ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಮನೆಯವರನ್ನ ಕೇಳಿ ಹೇಳ್ತೀನಪ್ಪ" ಎಂದು ಒಳಗೆ ಹೋದರು.

ಅವನು ಏಣಿ ಹೆಗಲಿಗೆ ಹಾಕಿಕೊಂಡ. ಇನ್ನೂರೈವತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಕಡೆ ಒಮ್ಮೆ ಕೈ ಎತ್ತಿ, ಎದುರು ಮನೆಯ ಗೇಟು ತಟ್ಟಿದ. ಆ ಮನೆಯವರು ಬಂದರು. ಅವರೂ ಏನೋ ಕೇಳಿದರು, ಇವನೂ ಏನೋ ಹೇಳಿದ. ಅಷ್ಟು ದೂರದಿಂದ ನನಗೆ ಕೇಳಿಸಲಿಲ್ಲ.